ಸಂಬಳವಿಲ್ಲದ ದುಡಿಮೆ

ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನೋ ಮಗಳೋ ಇದ್ದರೆ ಈ ದೃಶ್ಯ ನಿಮಗೆ ಹೊಸತಲ್ಲ. ಆಫೀಸಿನ ಕೆಲಸ ಮುಗಿದಿದೆ. ರಾತ್ರಿಯ ಊಟವೂ ಆಗಿದೆ. ಪಾತ್ರೆ ತೊಳೆದಿಟ್ಟು ಅಡುಗೆಮನೆಯ ದೀಪ ಆರಿಸಿ ಬಂದ ತಾಯಿ ನೋಡಿದರೆ, ಮಗ ಮತ್ತೆ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾನೆ.

“ಇನ್ನೂ ಆಫೀಸಿನ ಕೆಲಸ ಮುಗಿಯಲಿಲ್ಲವೇನೋ?”

“ಅದು ಆಗಲೇ ಮುಗಿಯಿತಮ್ಮ. ಇದು ಬೇರೆ.”

“ಇದಕ್ಕೂ ದುಡ್ಡು ಕೊಡುತ್ತಾರೇನು?”

“ಇಲ್ಲಮ್ಮ.”

“ಮತ್ತೆ ಯಾಕೆ ನಿದ್ದೆ ಕೆಡಿಸಿಕೊಳ್ಳುತ್ತೀ?”

ತಾಯಿಯ ಈ ಪ್ರಶ್ನೆಯನ್ನು ನಾವು ನಕ್ಕು ಮರೆಯಬಹುದು. ಆದರೆ ಅದರೊಳಗೆ ಚಿಂತನೆಗೆ ಯೋಗ್ಯವಾದ ಮೂರು ಪ್ರಶ್ನೆಗಳು ಅಡಗಿವೆ. ಯಾರೂ ಕೇಳದ, ಯಾರೂ ಹಣ ಕೊಡದ ಕೆಲಸವನ್ನು ಮನುಷ್ಯ ಏಕೆ ಮಾಡುತ್ತಾನೆ? ಹಾಗೆ ಮಾಡಿ ಕೊಟ್ಟ ಮೇಲೆ ಅವನು ಆ ಕೆಲಸಕ್ಕೆ ಬದ್ಧನಾಗುತ್ತಾನೆಯೇ? ಅದನ್ನು ಪಡೆದ ನಾವು ಅವನಿಗೆ ಋಣಿಗಳೇ?

ಮೊದಲು ಆ ಮಗನ ಹಗಲನ್ನು ಸ್ವಲ್ಪ ನೋಡೋಣ. ಆಫೀಸಿನಲ್ಲಿ ಅವನು ಬರೆಯುವುದು ಇನ್ನೊಬ್ಬರು ಬಯಸಿದ್ದನ್ನು. ಒಂದು ದೊಡ್ಡ ಯಂತ್ರದ ಒಂದು ಸಣ್ಣ ತಿರುಪು ಅವನ ಪಾಲಿಗೆ ಬಂದಿರುತ್ತದೆ. ಬೆಳಿಗ್ಗೆ ಒಂದು ಸಭೆ, ಮಧ್ಯಾಹ್ನ ಇನ್ನೊಂದು, ನಡುವೆ ಗಡುವಿನ ಆತಂಕ. ಆರು ತಿಂಗಳು ಶ್ರಮಿಸಿದ್ದನ್ನು ಒಂದು ದಿನ ಮೇಲಿನವರು ಬೇಡವೆಂದು ಬದಿಗಿಡುವುದೂ ಉಂಟು. ಅವನಿಗೆ ಸಂಬಳ ಸಿಗುತ್ತದೆ, ಅದರಿಂದ ಮನೆ ನಡೆಯುತ್ತದೆ. ಆದರೆ ‘ಇದು ನನ್ನ ಕೈಯ ಕೆಲಸ’ ಎಂದು ತೋರಿಸಲು ಅವನ ಬಳಿ ಏನೂ ಉಳಿಯುವುದಿಲ್ಲ. ಆದಕಾರಣ ರಾತ್ರಿಯ ಆ ಒಂದು ಗಂಟೆ ಅವನಿಗೆ ಬೇಕಾಗುತ್ತದೆ. ಕೆಲವರು ಆ ಹೊತ್ತಿನಲ್ಲಿ ಗಿಟಾರ್ ನುಡಿಸುತ್ತಾರೆ, ಕೆಲವರು ತಾರಸಿಯ ಮೇಲೆ ಗಿಡ ಬೆಳೆಸುತ್ತಾರೆ. ಇನ್ನು ಕೆಲವರು ಹಗಲು ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತಾರೆ, ಆದರೆ ಈ ಬಾರಿ ತಮ್ಮ ಇಚ್ಛೆಯಂತೆ. ದಿನವಿಡೀ ಇತರರ ಮನೆಗೆ ಬಾಗಿಲು, ಕಿಟಕಿ ಮಾಡಿದ ಬಡಗಿಯು ಸಂಜೆ ಉಳಿದ ತುಂಡುಮರದಲ್ಲಿ ನೆರೆಮನೆಯ ಮಗುವಿಗಾಗಿ ಕುದುರೆಯೊಂದನ್ನು ಕೆತ್ತುವಂತೆ ಇದು. ಹೀಗೆ ಬರೆದ ತಂತ್ರಾಂಶವನ್ನು ಯಾರು ಬೇಕಾದರೂ ಓದಲಿ, ಬಳಸಲಿ, ತಿದ್ದಲಿ ಎಂದು ಲೋಕಕ್ಕೆ ಒಪ್ಪಿಸುವವರಿದ್ದಾರೆ. ಅದನ್ನು ಮುಕ್ತ ತಂತ್ರಾಂಶ ಎಂದು ಕರೆಯುತ್ತಾರೆ.

ಇದು ಹುಡುಗಾಟವೆಂದು ಭಾವಿಸಬೇಡಿ. 1991ರ ಆಗಸ್ಟ್ ತಿಂಗಳಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ 21 ವರ್ಷದ ಲೀನಸ್ ಟೊರ್ವಾಲ್ಡ್ಸ್, ಗಣಕಯಂತ್ರವನ್ನು ನಡೆಸುವ ವ್ಯವಸ್ಥೆಯೊಂದನ್ನು ತಾನು ರಚಿಸುತ್ತಿರುವೆನೆಂದೂ ಅದು ಬರೀ ಹವ್ಯಾಸವೆಂದೂ ತಿಳಿಸಿದ್ದನು. ಅದೇ ಮುಂದೆ ಲಿನಕ್ಸ್ ಆಯಿತು. ಇಂದು ಸಂಬಳ ಪಡೆದು ಅದರ ಮೇಲೆ ದುಡಿಯುವವರು ಬಹಳ ಮಂದಿ ಇದ್ದಾರೆ. ಆದರೆ ಅದು ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ಬಿಡುವಿನ ವೇಳೆಯಲ್ಲಿ. ನಿಮ್ಮ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದರ ಒಳತಿರುಳು ಆ ಲಿನಕ್ಸೇ.

ನಮ್ಮ ನಾಡಿನ ಉದಾಹರಣೆಯೂ ಇದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು, ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನೆಲ್ಲ ಉಚ್ಚಾರಣೆಗೆ ಹೊಂದುವಂತೆ ಅಳವಡಿಸಿದ ಕೀಲಿಮಣೆಯೊಂದನ್ನು ರೂಪಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ತಮ್ಮ ತಂತ್ರಾಂಶವನ್ನು ಬೆಲೆಯಿಲ್ಲದೆ ಹಂಚಿದರು. ಮುಂದೆ ಸರ್ಕಾರ ಒಪ್ಪಿದ ಕನ್ನಡ ಕೀಲಿಮಣೆಗೆ ಅವರ ವಿನ್ಯಾಸವೇ ತಳಹದಿಯಾಯಿತು. ‘ನುಡಿ’ಯಲ್ಲಿ ಅರ್ಜಿ ಬೆರಳಚ್ಚು ಮಾಡುವ ಗುಮಾಸ್ತನೂ ಪಾಠದ ಟಿಪ್ಪಣಿ ಸಿದ್ಧಪಡಿಸುವ ಶಿಕ್ಷಕಿಯೂ ದಿನನಿತ್ಯ ಅವರ ಕೊಡುಗೆಯ ಮೇಲೆಯೇ ಬೆರಳಾಡಿಸುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತು?

ಇಲ್ಲಿಗೆ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯಿತು ಎನ್ನಬಹುದು. ಮನುಷ್ಯ ಸಂತೋಷಕ್ಕಾಗಿ ಸೃಷ್ಟಿಸುತ್ತಾನೆ, ಸಂತೋಷವಾಗಿರುವುದರಿಂದ ಹಂಚುತ್ತಾನೆ. ಎರಡನೆಯ ಪ್ರಶ್ನೆ ಇಷ್ಟು ಸುಲಭವಲ್ಲ. ಅದಕ್ಕಾಗಿ 2024ರಲ್ಲಿ ನಡೆದ ಒಂದು ಘಟನೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಎಕ್ಸ್‌ಜೆಡ್ ಯುಟಿಲ್ಸ್ ಎಂಬ ಹೆಸರಿನ ಸಣ್ಣ ತಂತ್ರಾಂಶವೊಂದಿದೆ. ದೊಡ್ಡ ಕಡತಗಳನ್ನು ಒತ್ತಿ ಚಿಕ್ಕದಾಗಿಸುವುದು ಅದರ ಕೆಲಸ. ಚಳಿಗಾಲದ ಕಂಬಳಿಗಳನ್ನು ಬಿಗಿಯಾಗಿ ಮಡಿಚಿ ಪೆಟ್ಟಿಗೆಗೆ ತುಂಬಿದಂತೆ. ಲೋಕದ ಅಸಂಖ್ಯ ಲಿನಕ್ಸ್ ಯಂತ್ರಗಳಲ್ಲಿ ಅದು ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದನ್ನು ರಚಿಸಿ ಹದಿನೈದು ವರ್ಷ ಕಾಪಾಡಿಕೊಂಡು ಬಂದವನು ಫಿನ್ಲೆಂಡ್ ದೇಶದ ಒಬ್ಬನೇ ವ್ಯಕ್ತಿ. ಅವನಿಗೆ ಅದಕ್ಕಾಗಿ ಯಾರೂ ಸಂಬಳ ಕೊಡುತ್ತಿರಲಿಲ್ಲ.

2022ರಲ್ಲಿ ಅವನಿಗೆ ದೂರುಗಳು ಬರತೊಡಗಿದವು. ತಿದ್ದುಪಡಿಗಳು ತಡವಾಗುತ್ತಿವೆ, ನಿಮಗೆ ಆಸಕ್ತಿ ಉಳಿದಿಲ್ಲ, ನಿಮ್ಮಿಂದ ಆಗದಿದ್ದರೆ ಮತ್ತೊಬ್ಬರಿಗೆ ಬಿಟ್ಟುಕೊಡಿ ಎಂಬ ಧಾಟಿಯ ದೂರುಗಳು. ಆತನು ಕೋಪಿಸಿಕೊಳ್ಳಲಿಲ್ಲ. ಆಸಕ್ತಿ ಕಳೆದುಕೊಂಡಿಲ್ಲ, ಬಹುಕಾಲದ ಮಾನಸಿಕ ತೊಂದರೆಗಳಿಂದ ಹೆಚ್ಚು ಗಮನ ಕೊಡಲಾಗುತ್ತಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ನೆನಪಿಡಿ ಎಂದು ವಿನಯದಿಂದ ಉತ್ತರಿಸಿದನು. ದೂರುಗಳು ನಿಲ್ಲಲಿಲ್ಲ. ಆಗ ಅವನಿಗೆ ಆಸರೆಯಾಗಿ ಕಂಡವನು, ಕೆಲವು ಸಮಯದಿಂದ ನೆರವಾಗುತ್ತಿದ್ದ ಜಿಯಾ ಟ್ಯಾನ್ ಎಂಬ ಹೆಸರಿನ ಸಹಾಯಕ. ದಣಿದ ಮನುಷ್ಯ ಹೊರೆಯ ಒಂದು ತುದಿಯನ್ನು ಅವನ ಕೈಗಿತ್ತನು. ಆ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಬಯಲಾಗಿಲ್ಲ. ಆದರೆ 2024ರ ಫೆಬ್ರವರಿ, ಮಾರ್ಚ್ ತಿಂಗಳ ಆವೃತ್ತಿಗಳಲ್ಲಿ ಆ ಸಹಾಯಕನ ಕೈಯಿಂದ ಒಂದು ಕಳ್ಳಬಾಗಿಲು ಸೇರಿಕೊಂಡಿತು. ಅದರ ಗುಟ್ಟು ಬಲ್ಲವರು ಪರರ ಯಂತ್ರಗಳೊಳಗೆ ನುಗ್ಗಬಹುದಾಗಿತ್ತು.

ಅದು ಹೇಗೆ ಪತ್ತೆಯಾಯಿತು ಗೊತ್ತೇ? ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ತನ್ನ ಬೇರಾವುದೋ ಪರೀಕ್ಷೆಯಲ್ಲಿ ತೊಡಗಿದ್ದಾಗ, ಯಂತ್ರದೊಳಗೆ ಪ್ರವೇಶ ಪಡೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದನು. ಅರ್ಧ ಸೆಕೆಂಡು ತಾನೇ ಎಂದು ಬಿಡಲಿಲ್ಲ. ಎಳೆಯನ್ನು ಹಿಡಿದು ಬುಡದವರೆಗೆ ಹೋದನು. 2024ರ ಮಾರ್ಚ್ 29ರಂದು, ಅಂದರೆ ಆ ವರ್ಷದ ಶುಭ ಶುಕ್ರವಾರದಂದು, ಲೋಕಕ್ಕೆ ಎಚ್ಚರಿಕೆ ನೀಡಿದನು. ಕಳ್ಳಬಾಗಿಲು ಲೋಕವೆಲ್ಲ ಹರಡುವ ಮೊದಲೇ ಮುಚ್ಚಲ್ಪಟ್ಟಿತು. ಫಿನ್ಲೆಂಡಿನ ಆ ವ್ಯಕ್ತಿ ಮತ್ತೆ ಕೆಲಸಕ್ಕೆ ಕುಳಿತು, ಮೇ ತಿಂಗಳಲ್ಲಿ ಶುದ್ಧಗೊಳಿಸಿದ ಆವೃತ್ತಿಯನ್ನು ಹೊರತಂದನು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಕಳ್ಳನ ಜಾಣ್ಮೆಗೆ ಬೆರಗಾಗುತ್ತಾರೆ. ನನ್ನ ಮನಸ್ಸನ್ನು ಕಾಡುವುದು ಅದಲ್ಲ, ಆ ದೂರುಗಳು. ದೂರು ಬರೆದ ಹೆಸರುಗಳು ಆ ದಣಿದವನ ಮೇಲೆ ಒತ್ತಡ ತರಲೆಂದೇ ಹುಟ್ಟಿಸಿದ ಸುಳ್ಳು ಹೆಸರುಗಳಾಗಿರಬೇಕೆಂಬ ಬಲವಾದ ಸಂದೇಹ ಅನಂತರ ಎದ್ದಿತು. ಆದರೆ ಆ ಸಮಯದಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಏಕೆ ಬರಲಿಲ್ಲ? ಆ ಮಾತುಗಳಲ್ಲಿ ವಿಚಿತ್ರವಾದದ್ದು ಏನೂ ಇರಲಿಲ್ಲ. ಪುಕ್ಕಟೆಯಾಗಿ ಪಡೆದವರು ಕೊಟ್ಟವನನ್ನೇ ಗದರಿಸುವುದು ಅಷ್ಟು ಸಾಮಾನ್ಯವಾಗಿಬಿಟ್ಟಿತ್ತು. ವಂಚಕನಿಗೆ ಮುಖವಾಡ ಬೇಕಾದಾಗ ಅವನು ಹೊಸದೊಂದನ್ನು ಹುಡುಕಬೇಕಾಗಲಿಲ್ಲ. ನಮ್ಮೆಲ್ಲರ ದಿನನಿತ್ಯದ ಕೃತಘ್ನತೆಯನ್ನೇ ತೊಟ್ಟುಕೊಂಡು ಬಂದನು, ಗುಂಪಿನಲ್ಲಿ ಬೆರೆತುಹೋದನು.

ಇಲ್ಲಿ ನೀವು ಒಂದು ಆಕ್ಷೇಪವನ್ನು ಎತ್ತಬಹುದು. ಕೊಡು ಎಂದು ಅವನನ್ನು ಯಾರು ಕೇಳಿದ್ದರು? ಬೇಡವಾದಾಗ ಬಿಟ್ಟುಬಿಡಬಹುದಿತ್ತಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಇಂಥ ತಂತ್ರಾಂಶಗಳ ಜೊತೆಗಿರುವ ಪರವಾನಗಿಯಲ್ಲಿಯೇ, ಇದನ್ನು ಇದ್ದಂತೆಯೇ ಕೊಡಲಾಗಿದೆ, ಯಾವ ಖಾತರಿಯೂ ಇಲ್ಲ ಎಂಬ ಅರ್ಥದ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಕೊಟ್ಟವನಿಗೂ ಹಂಗಿಲ್ಲ, ಪಡೆದವನಿಗೂ ಋಣವಿಲ್ಲ. ಆದರೆ ಬದುಕು ಕಾನೂನಿನ ಗೆರೆಯಲ್ಲಿಯೇ ನಿಲ್ಲುವುದಿಲ್ಲ. ಸಾವಿರಾರು ಜನ ತನ್ನ ಕೆಲಸವನ್ನು ನೆಚ್ಚಿಕೊಂಡಿದ್ದಾರೆಂದು ತಿಳಿದ ಮೇಲೆ ಒಳ್ಳೆಯ ಮನುಷ್ಯನಿಗೆ ಕೈಬಿಡಲು ಮನಸ್ಸಾಗುವುದಿಲ್ಲ. ಅವನನ್ನು ಕಟ್ಟಿಹಾಕುವುದು ಯಾವ ಕರಾರೂ ಅಲ್ಲ, ಅವನದೇ ಒಳ್ಳೆಯತನ. ಅವನ ಒಳ್ಳೆಯತನವನ್ನೇ ಹಗ್ಗವಾಗಿ ಎಳೆಯುವುದು ಅನ್ಯಾಯ ಎಂಬುದನ್ನು ತಿಳಿಯಲು ನಮಗೆ ನ್ಯಾಯಾಲಯ ಬೇಕಾಗಿಲ್ಲ.

ಹಣ ಕೊಟ್ಟರೆ ಈ ಋಣ ತೀರುವುದೇ? ಇಂಥವರ ಶ್ರಮದ ಮೇಲೆ ಲಾಭ ಗಳಿಸುವ ದೊಡ್ಡ ಸಂಸ್ಥೆಗಳು ಅವಶ್ಯವಾಗಿ ಕೊಡಬೇಕು. ಅಂತರ್ಜಾಲದ ವ್ಯವಹಾರಗಳನ್ನು ಗುಪ್ತವಾಗಿ ಕಾಯುವ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ದೊಡ್ಡ ದೋಷವೊಂದು ಬೆಳಕಿಗೆ ಬಂದಿತು. ಲೋಕದ ಬಹುಭಾಗ ನೆಚ್ಚಿದ್ದ ಆ ಕೆಲಸಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬುದು ಆಗ ತಿಳಿಯಿತು. ಆ ಬಳಿಕವೇ ಕಂಪನಿಗಳು ಕೈಬಿಚ್ಚಿದವು. ಆದರೆ ಹಣದಿಂದ ಬೇಸರ ತಗ್ಗಬಹುದೇ ಹೊರತು ‘ನೀನು ಮಾಡಲೇಬೇಕು’ ಎಂಬ ಧಾಟಿಯ ಗಾಯ ಮಾಯುವುದಿಲ್ಲ.

ಕೊಡುವವನ ಕರ್ತವ್ಯವೂ ಒಂದಿದೆ, ಅದು ತನ್ನ ಎಲ್ಲೆಯನ್ನು ತಾನೇ ಗುರುತಿಸಿಕೊಳ್ಳುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತ್ ಅವರನ್ನು ನೋಡಿ. 1977ರಲ್ಲಿ ತಮ್ಮ ಪುಸ್ತಕದ ಹೊಸ ಮುದ್ರಣದ ಕರಡಚ್ಚನ್ನು ಕಂಡು, ಅಕ್ಷರಗಳ ಅಂದಗೇಡಿತನಕ್ಕೆ ನೊಂದು, ಅಕ್ಷರ ಜೋಡಿಸುವ ‘ಟೆಕ್’ ಎಂಬ ತಂತ್ರಾಂಶವನ್ನು ತಾವೇ ಬರೆಯತೊಡಗಿದರು. ಬೇಗನೆ ಮುಗಿಯಬಹುದೆಂದುಕೊಂಡ ಕೆಲಸ ಸುಮಾರು ಹತ್ತು ವರ್ಷ ತೆಗೆದುಕೊಂಡಿತು. ಅದನ್ನು ಉಚಿತವಾಗಿ ಕೊಟ್ಟರು. ದೋಷ ತೋರಿಸಿದವರಿಗೆ ತಮ್ಮ ಕೈಯಿಂದಲೇ ಚೆಕ್ಕು ಬರೆದು ಕಳುಹಿಸಿದರು. ಅನೇಕರು ಆ ಚೆಕ್ಕನ್ನು ನಗದು ಮಾಡಿಸದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು. ಅದೇ ಕ್ನೂತ್ 1990ರ ಜನವರಿ 1ರಿಂದ ಇ-ಮೇಲ್ ಬಳಸುವುದನ್ನೇ ನಿಲ್ಲಿಸಿದರು. ತಮ್ಮ ಗ್ರಂಥದ ಕೆಲಸಕ್ಕೆ ಏಕಾಂತ ಬೇಕೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಲೂಥರನ್ ಸಭೆಗೆ ಸೇರಿದ ಅವರ ಮನೆಯಲ್ಲಿ ಒಂದು ಪೈಪ್ ಆರ್ಗನ್ ಇದೆ. ಬೈಬಲ್ಲಿನ ಕೊನೆಯ ಗ್ರಂಥವಾದ ಪ್ರಕಟನೆಯನ್ನು ಆಧರಿಸಿ ಅವರು ರಚಿಸಿದ ಆರ್ಗನ್ ಸಂಗೀತವನ್ನು 2018ರ ಜನವರಿಯಲ್ಲಿ ಸ್ವೀಡನ್ ದೇಶದಲ್ಲಿ ಮೊದಲ ಬಾರಿ ನುಡಿಸಲಾಯಿತು. ಆಗ ಅವರಿಗೆ 80 ತುಂಬಿತ್ತು. ಬಂದ ಪ್ರತಿಯೊಂದು ಇ-ಮೇಲಿಗೂ ಉತ್ತರಿಸುತ್ತ ಕುಳಿತಿದ್ದರೆ ಆ ಸಂಗೀತಕ್ಕೆ ಸಮಯ ಎಲ್ಲಿರುತ್ತಿತ್ತು?

ಎಲ್ಲೆಯ ಮಾತು ಬಂದಾಗ ಮನೆಯನ್ನು ಮರೆಯುವಂತಿಲ್ಲ. ಕಾಣದ ದೇಶದವರಿಗೆ ಕೊಟ್ಟ ರಾತ್ರಿಯ ಆ ಗಂಟೆ, ಅಪ್ಪನ ಬಳಿ ಲೆಕ್ಕ ಕೇಳಬೇಕೆಂದು ಕಾದು ನಿದ್ದೆಹೋದ ಮಗಳಿಂದ ಕಿತ್ತುಕೊಂಡದ್ದಾದರೆ ಅದು ಯಾರ ಕೊಡುಗೆ? ಕೊಟ್ಟವಳು ಆ ಮಗಳು, ಅದೂ ಕೇಳದೆ ತೆಗೆದುಕೊಂಡದ್ದು. ಉದಾರಿಯಾಗಬಯಸುವವನು ತನ್ನದನ್ನು ಮಾತ್ರ ಕೊಡಬಹುದು. ತಾಯಿಯ ಪ್ರಶ್ನೆಯಲ್ಲಿ ಈ ಎಚ್ಚರವೂ ಇತ್ತು ಎಂದು ನಾನು ನಂಬುತ್ತೇನೆ.

ಇನ್ನು ಮೂರನೆಯ ಪ್ರಶ್ನೆ, ನಮ್ಮ ಋಣ. ಇದು ಗಣಕಯಂತ್ರಗಳ ಲೋಕಕ್ಕೆ ಮಾತ್ರ ಸೇರಿದ್ದಲ್ಲ. ನಿಮ್ಮ ಧರ್ಮಕೇಂದ್ರದಲ್ಲಿ ಗಾನವೃಂದಕ್ಕೆ ಕೀಬೋರ್ಡ್ ನುಡಿಸುವವರು ಒಬ್ಬರಿರಬಹುದು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಟೀಚರ್ ಇರಬಹುದು. ಹಬ್ಬದ ಮುನ್ನಾದಿನ ತಡರಾತ್ರಿಯವರೆಗೆ ಹೂ ಜೋಡಿಸುವ ಅಕ್ಕ ಇರಬಹುದು. ಅವರು ಬಂದಷ್ಟು ದಿನ ನಾವು ಗಮನಿಸುವುದಿಲ್ಲ. ಒಂದು ಭಾನುವಾರ ಬರದಿದ್ದರೆ ಮಾತ್ರ ‘ಏಕೆ ಬರಲಿಲ್ಲ?’ ಎಂದು ಕೇಳುತ್ತೇವೆ, ಅದೂ ಕಾಳಜಿಯ ಧ್ವನಿಯಲ್ಲಲ್ಲ, ಲೆಕ್ಕ ಕೇಳುವ ಧ್ವನಿಯಲ್ಲಿ. ಮೊದಲ ವರ್ಷ ಉಪಕಾರವಾಗಿದ್ದದ್ದು ಮೂರನೆಯ ವರ್ಷ ನಮ್ಮ ಹಕ್ಕಾಗಿರುತ್ತದೆ.

ಹಾಗಾದರೆ ನಾವು ಕೊಡಬೇಕಾದದ್ದೇನು? ಸನ್ಮಾನ, ಶಾಲು, ಹಾರಗಳಲ್ಲ. ದೋಷ ಕಂಡಾಗ ತೋರಿಸುವುದು ತಪ್ಪಲ್ಲ, ಆದರೆ ಸಹಾಯಕ್ಕೆ ಕೈ ಚಾಚಿಕೊಂಡೇ ತೋರಿಸೋಣ. ಒಬ್ಬನೇ ಹೊರುತ್ತಿರುವ ಭಾರ ಯಾವುದೆಂದು ಕಣ್ಣೆತ್ತಿ ನೋಡೋಣ. ‘ನನಗೆ ಆಗುತ್ತಿಲ್ಲ’ ಎಂದು ಅವನು ಹೇಳಿದಾಗ ಅದನ್ನು ನೆಪವೆಂದು ಎಣಿಸದೆ ನಂಬೋಣ. ಸಾಕು ಎಂದು ಅವನು ನಿಲ್ಲಿಸಿದರೆ, ಇಷ್ಟು ದಿನ ಮಾಡಿದೆಯಲ್ಲ ಎಂದು ಹರಸಿ ಬೀಳ್ಕೊಡೋಣ. 2022ರಲ್ಲಿ ಆ ಫಿನ್ಲೆಂಡಿನವನಿಗೆ ಪ್ರಾಮಾಣಿಕರಾದ ನಾಲ್ವರು ಇಷ್ಟು ಮಾಡಿದ್ದರೆ, ಸುಳ್ಳು ಸಹಾಯಕನನ್ನು ನೆಚ್ಚಬೇಕಾದ ಸ್ಥಿತಿ ಅವನಿಗೆ ಬಾರದೇ ಇರಬಹುದಿತ್ತು.

ಇಂದು ರಾತ್ರಿ ಅಡುಗೆಮನೆಯ ದೀಪ ಆರಿಸಿ ಬರುವಾಗ ಮಗನೋ ಮಗಳೋ ಲ್ಯಾಪ್‌ಟಾಪ್ ಮುಂದೆ ಕುಳಿತಿರುವುದನ್ನು ಕಂಡರೆ, ‘ದುಡ್ಡು ಕೊಡುತ್ತಾರೇನು?’ ಎಂದು ಕೇಳುವ ಮೊದಲು ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ‘ಏನು ಮಾಡುತ್ತಿದ್ದೀ, ನನಗೂ ಸ್ವಲ್ಪ ತೋರಿಸು’ ಎನ್ನಿ. ನಿಮಗೆ ಎಲ್ಲವೂ ಅರ್ಥವಾಗದೆ ಹೋಗಬಹುದು. ಆದರೂ ಕೇಳಿ. ಆಮೇಲೆ ಹೊತ್ತಾಯಿತು, ಮಲಗು ಎಂದು ಹೇಳುವ ಅಧಿಕಾರ ನಿಮಗೆ ಇದ್ದೇ ಇದೆ.