ಬಡತನದ ರುಜುವಾತು

ವಿದ್ಯೆಯನ್ನು ಬಯಸಿ ಬಂದವನು ಮೊದಲು ತನ್ನ ಬಡತನವನ್ನು ರುಜುವಾತುಪಡಿಸಬೇಕೆಂದು ವಿಧಿಸುವುದು ನ್ಯಾಯವೆ? ಕೊಡುವ ಹಣವು ಸರ್ವಜನರದಾಗಿರುವಾಗ ವಿಚಾರಿಸದೆ ಕೊಡುವುದಾದರೂ ನ್ಯಾಯವೆ? ಬಾಗಿಲ ಒಳಗೆ ನಿಂತವನಿಗೆ ಒಂದು ಪ್ರಶ್ನೆ ತೋರುತ್ತದೆ, ಹೊರಗೆ ನಿಂತವನಿಗೆ ಇನ್ನೊಂದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಮ್ಯುನಿಟಿ ಕಾಲೇಜುಗಳಲ್ಲಿ ಸಹಾಯದ್ರವ್ಯಕ್ಕೆ ಅರ್ಜಿ ಹಾಕುವ ಕ್ರಮವನ್ನು ಪರಾಮರ್ಶಿಸಿದರೆ ಈ ಧರ್ಮಸೂಕ್ಷ್ಮವು ವಿಶದವಾದೀತು.

ಕಮ್ಯುನಿಟಿ ಕಾಲೇಜೆಂಬುದು ಮುಖ್ಯವಾಗಿ ಎರಡು ವರ್ಷಗಳ ವ್ಯಾಸಂಗಕ್ಕೆ ಏರ್ಪಟ್ಟ ಸಾರ್ವಜನಿಕ ವಿದ್ಯಾಶಾಲೆ. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ಸ್ಥಾಪಿತವಾದ ಕಾಲೇಜು ಇವುಗಳಲ್ಲೆಲ್ಲ ಹಳೆಯದೆಂದು ಗಣಿತವಾಗಿದೆ. ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗದ 1947ರ ವರದಿಯಿಂದ ಈ ಹೆಸರು ದೇಶದಲ್ಲೆಲ್ಲ ಪ್ರಚಾರಕ್ಕೆ ಬಂದಿತು. ಹಗಲು ದುಡಿದು ಸಂಜೆ ಓದುವವರು, ದಾದಿಯರಾಗಬೇಕೆಂದಿರುವವರು, ಮಕ್ಕಳನ್ನು ಸಾಕುತ್ತ ಮತ್ತೆ ಪುಸ್ತಕ ಹಿಡಿದ ತಾಯಂದಿರು, ಇಂಥವರಿಗೆ ಇದೇ ಆಸರೆ. ವರ್ಷದ ಶುಲ್ಕವು ಸರಾಸರಿ 4,000 ಡಾಲರುಗಳ ಆಸುಪಾಸಿನಲ್ಲಿದ್ದು ಇತರ ಕಾಲೇಜುಗಳಿಗಿಂತ ಬಹಳ ಕಡಮೆ. ಆದರೆ ಏನೂ ಇಲ್ಲದವನಿಗೆ ಕಡಮೆಯೂ ಹೆಚ್ಚೇ ಅಲ್ಲವೆ?

ಇದನ್ನರಿತೇ ಆ ದೇಶವು 1965ರಲ್ಲಿ ಉನ್ನತ ಶಿಕ್ಷಣದ ಶಾಸನವನ್ನು ಮಾಡಿತು. ಅದಕ್ಕೆ ಅಂಕಿತ ಹಾಕಿದ ಅಧ್ಯಕ್ಷ ಜಾನ್ಸನ್ನರು ತಾವು ಓದಿದ ಟೆಕ್ಸಾಸಿನ ಕಾಲೇಜಿಗೇ ಹೋಗಿ ಹಾಕಿದರು. ವಿದ್ಯಾರ್ಥಿದೆಸೆಯಲ್ಲಿ ಅವರು ಅಲ್ಲಿ ಕಸ ಗುಡಿಸುವ ಕೆಲಸವನ್ನೂ ಮಾಡಿದ್ದವರು. 1972ರ ತಿದ್ದುಪಡಿಯಿಂದ ಬಡ ವಿದ್ಯಾರ್ಥಿಗೆ ನೇರವಾಗಿ ಸಲ್ಲುವ, ಹಿಂತಿರುಗಿಸಬೇಕಿಲ್ಲದ ಸಹಾಯಧನವು ಏರ್ಪಟ್ಟಿತು. 1980ರಲ್ಲಿ ಅದಕ್ಕೆ ಸೆನೆಟರ್ ಪೆಲ್ ಅವರ ಹೆಸರು ಬಂದಿತು. 2024–25ನೆಯ ವ್ಯಾಸಂಗವರ್ಷದಲ್ಲಿ ಇದರ ಪರಮಾವಧಿ 7,395 ಡಾಲರು. ಇದನ್ನು ಪಡೆಯಲು ತುಂಬಬೇಕಾದ ಏಕರೂಪದ ಉಚಿತ ಅರ್ಜಿಯು 1992ರ ಶಾಸನದಿಂದ ಬಂದದ್ದು.

ಅರ್ಜಿಯು ಕೇಳುವುದೇನು? ತಂದೆತಾಯಿಗಳ ವರಮಾನವೆಷ್ಟು, ಕೂಡಿಟ್ಟ ಹಣವೆಷ್ಟು, ಮನೆಯಲ್ಲಿ ಎಷ್ಟು ಜನ. ಬಹುಕಾಲ ಈ ಪ್ರಶ್ನೆಗಳು ನೂರನ್ನು ಮೀರಿದ್ದವು. 24 ವರ್ಷ ತುಂಬದ ಅವಿವಾಹಿತನು, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಹೆತ್ತವರ ಅಧೀನನೆಂದೇ ಭಾವಿತನಾಗುತ್ತಾನೆ. ತಂದೆಯು ಮಗನ ಓದಿಗೆ ಒಂದು ಕಾಸನ್ನೂ ಕೊಡಲಾರೆನೆಂದರೂ ಅಷ್ಟರಿಂದಲೇ ಆ ಮಗನು ಸ್ವತಂತ್ರನೆನಿಸುವುದಿಲ್ಲ. ಎಲ್ಲ ಲೆಕ್ಕದ ಕೊನೆಗೆ ಒಂದು ಅಂಕೆ ಉಳಿಯುತ್ತದೆ. 2024–25ರಿಂದ ಈ ಅಂಕೆಯು ಶೂನ್ಯಕ್ಕಿಂತ 1,500ರಷ್ಟು ಕೆಳಗೂ ಇಳಿಯಬಹುದಾಗಿದೆ. ಬಡತನಕ್ಕೆ ಶೂನ್ಯವೂ ತಳವಲ್ಲವೆಂಬುದನ್ನು ಗಣಿತವೂ ಒಪ್ಪಿಕೊಂಡಂತಾಯಿತು.

ಇಂಥ ವಿಚಾರಣೆಯು ಮಾನವಂತನಿಗೆ ಸಂಕಟವೆಂಬುದು ನಿಜ. ಆದರೆ ಅದನ್ನು ಅನ್ಯಾಯವೆಂದು ಒಡನೆಯೇ ಹೇಳಲಾಗದು. ಬೊಕ್ಕಸದ ಹಣವು ಕೊಡುವ ಅಧಿಕಾರಿಯ ಸ್ವಂತದ್ದಲ್ಲ, ಅವನ ವಶದಲ್ಲಿರುವ ನ್ಯಾಸ. ಉಳ್ಳವನಿಗೆ ತಪ್ಪಾಗಿ ಸಂದುದು ಇಲ್ಲದವನಿಗೆ ಸಲ್ಲದೆ ಹೋದುದೇ ಆಗುತ್ತದೆ. ಆದುದರಿಂದ ವಿಚಾರಣೆಯು ಇರತಕ್ಕದ್ದೇ. ಅದು ಎಷ್ಟರಮಟ್ಟಿಗೆ ಇರಬೇಕು, ಅದರ ಭಾರವನ್ನು ಯಾರು ಹೊರಬೇಕು ಎಂಬುದೇ ವಿವೇಚಿಸಬೇಕಾದ ವಿಷಯ.

ಇಲ್ಲಿ ನಮ್ಮ ನಾಡಿನ ವಾರಾನ್ನದ ಪದ್ಧತಿಯು ಸ್ಮರಣೆಗೆ ಬರುವುದು ಸಹಜ. ವಾರಕ್ಕೊಂದು ದಿನದಂತೆ ಏಳು ಮನೆಗಳಲ್ಲಿ ಉಂಡು ಓದಿ ಮುಂದೆ ಬಂದವರು ಹಲವರು. ಆ ಮನೆಗಳು ಹುಡುಗನಿಂದ ವರಮಾನದ ಲೆಕ್ಕವನ್ನು ಕೇಳಲಿಲ್ಲ. ಅವನ ಮುಖವೇ ಅರ್ಜಿಯಾಗಿದ್ದಿತು. ಆದರೆ ಉಂಡವನು ಆ ಹಂಗನ್ನು ಹೊರಬೇಕಾಗಿದ್ದಿತು; ಮನೆಯಾಕೆಯ ಮುಖ ನೋಡಿ ಎರಡನೆಯ ಸಲ ಅನ್ನ ಕೇಳಬೇಕೋ ಬೇಡವೋ ಎಂದು ಅಳೆಯಬೇಕಾಗಿದ್ದಿತು. ಅಲ್ಲದೆ, ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಶುಷ್ಕವಾದ ಅರ್ಜಿಗೆ ಕರುಣೆಯಿಲ್ಲ, ದಿಟ. ಆದರೆ ಅದು ಯಾರಿಗೂ ತಲೆಬಾಗೆನ್ನುವುದಿಲ್ಲ, ಕುಲವನ್ನು ನೋಡಿ ಕೊಡುವುದಿಲ್ಲ. ದಾನವು ರುಜುವಾತನ್ನು ಬಿಟ್ಟು ಹಂಗನ್ನು ಹೊರಿಸುತ್ತದೆ. ಹಕ್ಕು ಹಂಗನ್ನು ಬಿಟ್ಟು ರುಜುವಾತನ್ನು ಕೇಳುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದಲ್ಲಿ ಎರಡನೆಯದೇ ಲೇಸು. ಕಾಗದಕ್ಕೆ ಒಮ್ಮೆ ಹೇಳಿ ಮುಗಿಸಬಹುದು. ಹಂಗಾದರೋ ಜೀವಮಾನವೆಲ್ಲ ಉಳಿಯುತ್ತದೆ.

ಹಾಗಾದರೆ ದೋಷವೆಲ್ಲಿ? ತೆರಿಗೆಯ ಕಚೇರಿಯಲ್ಲಿ ಆಗಲೇ ಇರುವ ಲೆಕ್ಕವನ್ನು ಅದೇ ಸರ್ಕಾರವು ಆ ಸಂಸಾರದಿಂದಲೇ ಬಹುಕಾಲ ಮತ್ತೆ ಬರೆಯಿಸುತ್ತಿದ್ದಿತು. 2012ರಲ್ಲಿ ಪ್ರಕಟವಾದ ಒಂದು ಪರೀಕ್ಷಣೆಯು ಇದರ ಫಲವನ್ನು ತೋರಿಸಿತು. ತೆರಿಗೆ ಲೆಕ್ಕ ಬರೆಯಿಸಲು ಬಂದ ಅಲ್ಪ ವರಮಾನದ ಸಂಸಾರಗಳಲ್ಲಿ ಕೆಲವಕ್ಕೆ ಅಲ್ಲಿಯೇ ಈ ಅರ್ಜಿಯನ್ನೂ ತುಂಬಲು ನೆರವಾದರು; ಕೆಲವಕ್ಕೆ ವಿವರವನ್ನು ಮಾತ್ರ ತಿಳಿಸಿದರು. ನೆರವು ಪಡೆದ ಮನೆಗಳಲ್ಲಿ ಶಾಲೆ ಮುಗಿಸುತ್ತಿದ್ದ ಮಕ್ಕಳು ನೂರಕ್ಕೆ ಸುಮಾರು 8 ಮಂದಿ ಹೆಚ್ಚಾಗಿ ಕಾಲೇಜು ಸೇರಿದರು. ವಿವರ ಮಾತ್ರ ತಿಳಿದವರಲ್ಲಿ ಅಂಥ ಹೆಚ್ಚಳವೇ ಕಾಣಲಿಲ್ಲ. ಇದರಿಂದ ಸಿದ್ಧವಾಗುವುದೇನು? ಆ ಮಕ್ಕಳನ್ನು ತಡೆದದ್ದು ವಿದ್ಯೆಯಲ್ಲಿ ಅನಾಸಕ್ತಿಯಲ್ಲ, ಸಹಾಯವುಂಟೆಂಬ ಅರಿವಿನ ಅಭಾವವೊಂದೇ ಅಲ್ಲ. ಕಾಗದದ ಮುಂದೆ ಒಂಟಿಯಾಗಿ ಕುಳಿತಿರಬೇಕಾದ ಕಷ್ಟ. ಬಡವನನ್ನು ಗುರುತಿಸಲು ಮಾಡಿದ ಪರೀಕ್ಷೆಯಲ್ಲಿ ಬಡವನೇ ಅನುತ್ತೀರ್ಣನಾದರೆ ತಪ್ಪು ಪರೀಕ್ಷೆಯದು.

ಅದನ್ನು ತಿದ್ದಲು 2020ರಲ್ಲಿ ಶಾಸನವಾಯಿತು. ಪ್ರಶ್ನೆಗಳು ಕಡಮೆಯಾದವು; ತೆರಿಗೆಯ ಲೆಕ್ಕವು ಸಮ್ಮತಿಯ ಮೇಲೆ ನೇರವಾಗಿ ಬರುವಂತಾಯಿತು. ಆದರೆ ವಾಡಿಕೆಯಂತೆ ಅಕ್ಟೋಬರಿನಲ್ಲಿ ತೆರೆಯಬೇಕಾದ ಹೊಸ ಅರ್ಜಿಯು 2023ರ ಡಿಸೆಂಬರಿನ ಕೊನೆಗೆ ತೆರೆಯಿತು. ಕಾಲೇಜುಗಳಿಗೆ ಮಾಹಿತಿಯು ಮುಟ್ಟತೊಡಗಿದ್ದು 2024ರ ಮಾರ್ಚಿಯಲ್ಲಿ. ಬೇಡುವವನು ಗಡುವನ್ನು ಮೀರಿದರೆ ಸಹಾಯವನ್ನು ಕಳೆದುಕೊಳ್ಳುತ್ತಾನೆ. ಕೊಡುವವನು ಮೀರಿದರೂ ಕಳೆದುಕೊಳ್ಳುವವನು ಬೇಡುವವನೇ!

ಎಲ್ಲರಿಗೂ ಉಚಿತವಾಗಿ ಕೊಟ್ಟರೆ ಈ ಪೇಚಾಟವೇ ಇರದೆಂದು ಕೆಲವರು ಹೇಳುವರು. ಟೆನೆಸೀ ಸಂಸ್ಥಾನವು 2014ರಲ್ಲಿ ಶಾಸನ ಮಾಡಿ, ಶಾಲೆ ಮುಗಿಸಿದ ಮಕ್ಕಳಿಗೆ ವರಮಾನವನ್ನೆಣಿಸದೆ ಎರಡು ವರ್ಷಗಳ ಕಾಲೇಜು ಶುಲ್ಕವನ್ನು ತೆತ್ತುಕೊಡಲು ಮುಂದಾಯಿತು. ಇದರಿಂದ ನಾಚಿಕೆಯು ಅಳಿಯಿತು. ಆದರೆ ಇತರ ಸಹಾಯಗಳೆಲ್ಲ ಸಂದಮೇಲೆ ಉಳಿದ ಶುಲ್ಕವನ್ನಷ್ಟೇ ಇದು ತುಂಬುವುದರಿಂದ, ಪೆಲ್ ಧನದಿಂದಲೇ ಶುಲ್ಕ ತೀರುವ ಕಡುಬಡವನಿಗೆ ಹೊಸದಾಗಿ ದೊರೆಯುವುದು ಅತ್ಯಲ್ಪ. ಅನ್ನ, ಬಾಡಿಗೆ, ಬಸ್ಸಿನ ಖರ್ಚು ಅವನ ತಲೆಯ ಮೇಲೆಯೇ ಉಳಿಯುತ್ತದೆ. ಅರ್ಜಿಯೂ ತಪ್ಪಲಿಲ್ಲ. ಸಮನಾಗಿ ಕೊಡುವುದು ಬೇರೆ, ಅಗತ್ಯವರಿತು ಕೊಡುವುದು ಬೇರೆ.

ಆದುದರಿಂದ ಕರ್ತವ್ಯವು ಉಭಯತ್ರವೂ ಉಂಟು. ಬೇಡುವವನ ಧರ್ಮವು ಸತ್ಯ: ಇದ್ದುದನ್ನು ಇದ್ದಂತೆ ಬರೆದವನು ಭಿಕ್ಷುಕನಲ್ಲ, ತನ್ನ ಪಾಲನ್ನು ಕೇಳುವ ಪೌರ. ಕೊಡುವವನ ಧರ್ಮವಾದರೋ ಇನ್ನೂ ಕಠಿಣ. ತೈತ್ತಿರೀಯೋಪನಿಷತ್ತು ಲಜ್ಜೆಯನ್ನು ವಿಧಿಸಿರುವುದು ಕೊಡುವವನಿಗೆ, ಪಡೆಯುವವನಿಗಲ್ಲ. ಬೇಕಾದುದಕ್ಕಿಂತ ಒಂದು ಪ್ರಶ್ನೆಯನ್ನೂ ಹೆಚ್ಚಾಗಿ ಕೇಳದಿರುವುದು, ಗೊತ್ತಿರುವುದನ್ನು ಮತ್ತೆ ಕೇಳದಿರುವುದು, ಕೊಡುವುದನ್ನು ಸಕಾಲದಲ್ಲಿ ಕೊಡುವುದು, ಬರೆಯಲಾರದವನ ಪಕ್ಕದಲ್ಲಿ ಕುಳಿತು ಬರೆಯಿಸುವುದು: ರಾಜ್ಯಕ್ಕೆ ಉಚಿತವಾದ ಲಜ್ಜೆಯೆಂದರೆ ಇದೇ.