ಕಾಗದದ ಹಡಗಿಗೂ ಒಂದು ಇಸವಿ ಬೇಕು

ಕಾಗದದಲ್ಲಿ ಯುದ್ಧನೌಕೆಯ ಮಾದರಿ ಕಟ್ಟಲು ಕೂತವರು ಕತ್ತರಿ ಹಿಡಿಯುವ ಮೊದಲೇ ಒಂದು ವಿಷಯ ತೀರ್ಮಾನಿಸಬೇಕು. ಕಟ್ಟುವುದು ಯಾವ ಇಸವಿಯ ಹಡಗನ್ನು?

ಪೋಲೆಂಡಿನ ‘ಬ್ವಿಸ್ಕಾವಿತ್ಸಾ’ ಎಂಬ ಡೆಸ್ಟ್ರಾಯರ್ ಹಡಗನ್ನೇ ನೋಡಿ. 1939ರಲ್ಲಿ ಅದರ ಮೇಲೆ 120 ಮಿ.ಮೀ.ನ ಏಳು ಫಿರಂಗಿಗಳಿದ್ದವು. ಯುದ್ಧದ ನಡುವೆ ಅವನ್ನು ಕಿತ್ತು, ವಿಮಾನಗಳಿಗೂ ಗುರಿಯಿಡಬಲ್ಲ 102 ಮಿ.ಮೀ.ನ ಎಂಟು ಫಿರಂಗಿಗಳನ್ನು ಕೂರಿಸಿದರು. ಹಡಗಿನ ಹೆಸರು ಒಂದೇ, ಒಡಲು ಒಂದೇ. ಆದರೆ ಮೇಜಿನ ಮೇಲೆ ಅವು ಎರಡು ಬೇರೆ ಹಡಗುಗಳು. ಏಳು ಫಿರಂಗಿ ಇಟ್ಟರೆ ಅದು ಯುದ್ಧದ ಹೊಸ್ತಿಲಲ್ಲಿ ನಿಂತ ಹಡಗು. ಎಂಟು ಇಟ್ಟರೆ ಯುದ್ಧ ಕಂಡ ಹಡಗು. ಎರಡನ್ನೂ ಕಲಸಿದರೆ ಎಂದೂ ಇಲ್ಲದ ಹಡಗು.

ಕಾಗದದ ಮಾದರಿಗಳ ದೊಡ್ಡ ಪರಂಪರೆಯೊಂದು ಪೋಲೆಂಡಿನಲ್ಲೂ ಇದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಪ್ಲಾಸ್ಟಿಕ್ ಕಿಟ್‌ಗಳು ದುರ್ಲಭ, ಕಾಗದ ಅಗ್ಗ. ‘ಮಾವಿ ಮೊಡೆಲಾಷ್’ ಎಂಬ ಪತ್ರಿಕೆ ಹಡಗು, ವಿಮಾನ, ಕೋಟೆಗಳ ಬಿಡಿಭಾಗಗಳನ್ನು ಬಣ್ಣದಲ್ಲಿ ಅಚ್ಚುಹಾಕಿ ಕೊಡುತ್ತಿತ್ತು. ಮಕ್ಕಳು ಪೇಪರ್ ಅಂಗಡಿಯಲ್ಲಿ ಅದನ್ನು ಕೊಂಡು ಮನೆಯಲ್ಲಿ ಕತ್ತರಿಸಿ ಅಂಟಿಸುತ್ತಿದ್ದರು. ಅಲ್ಲಿ ಹಡಗುಗಳಿಗೆ ರೂಢಿಯ ಅಳತೆ 1:200. ಆ ಲೆಕ್ಕದಲ್ಲಿ 114 ಮೀಟರ್ ಉದ್ದದ ಬ್ವಿಸ್ಕಾವಿತ್ಸಾ 57 ಸೆಂ.ಮೀ. ಆಗುತ್ತದೆ. ನಾವಿಕನೊಬ್ಬ ಒಂಬತ್ತು ಮಿ.ಮೀ. ಎತ್ತರಕ್ಕೆ ಇಳಿಯುತ್ತಾನೆ. ಕತ್ತರಿ ಒಂದು ಮಿ.ಮೀ. ಅತ್ತಿತ್ತ ಸರಿದರೆ ನಿಜವಾದ ಹಡಗಿನಲ್ಲಿ ಒಂದು ಗೇಣಿನಷ್ಟು ತಪ್ಪಿದಂತೆ.

ಕಾಗದಕ್ಕೆ ಒಂದು ಹಟವಿದೆ. ಅದು ಒಂದು ದಿಕ್ಕಿಗೆ ಎಷ್ಟು ಬೇಕಾದರೂ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗುವುದಿಲ್ಲ. ಬಲವಂತ ಮಾಡಿದರೆ ಸುಕ್ಕಾಗುತ್ತದೆ, ಇಲ್ಲವೇ ಹರಿಯುತ್ತದೆ. ಇದರ ಹಿಂದಿನ ಗಣಿತವನ್ನು ಜರ್ಮನಿಯ ಗಣಿತಜ್ಞ ಗಾಸ್ 1827ರಲ್ಲಿ ಸಾಧಿಸಿ ತೋರಿಸಿದ. ಆದರೆ ಹಡಗಿನ ಒಡಲು ಮುಂಭಾಗದಲ್ಲೂ ಹಿಂಭಾಗದಲ್ಲೂ ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗಿರುತ್ತದೆ. ಹಾಗಾಗಿ ನಕ್ಷೆ ಬರೆಯುವವರು ರವಿಕೆಗೆ ಟಕ್ಸ್ ಹಾಕುವ ದರ್ಜಿಯ ಹಾಗೆ ಯೋಚಿಸಬೇಕಾಗುತ್ತದೆ. ಒಡಲಿನ ಹೊದಿಕೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಅಂಚುಗಳು ಒಂದಕ್ಕೊಂದು ಕೂಡಿದಾಗ ತಾವಾಗಿಯೇ ಉಬ್ಬು ಮೂಡುವಂತೆ ಮಾಡುತ್ತಾರೆ. ಒಳಗೆ ದಪ್ಪ ರಟ್ಟಿನ ಪಕ್ಕೆಲುಬುಗಳು ಒಂದಕ್ಕೊಂದು ಸಿಕ್ಕಿಸಿಕೊಂಡು ನಿಂತಿರುತ್ತವೆ. ಅವು ಒಂದು ಕೂದಲೆಳೆಯಷ್ಟು ಸೊಟ್ಟಗಾದರೂ ಮುಂದಿನ ಕೆಲಸವೆಲ್ಲ ಸೊಟ್ಟಗೇ ಸಾಗುತ್ತದೆ.

ಒಂದು ಫಿರಂಗಿಯ ನಳಿಗೆ ಮಾಡುವುದನ್ನು ಹತ್ತಿರದಿಂದ ನೋಡಬೇಕು. 1939ರ ಫಿರಂಗಿಯ ಸುಮಾರು ಆರು ಮೀಟರಿನ ನಳಿಗೆ ಇಲ್ಲಿ ಮೂರು ಸೆಂ.ಮೀ. ಕಾಗದಕ್ಕೂ ಎಳೆಯಿದೆ, ಎಳೆಯ ಗುಂಟ ಸುತ್ತಿದರೆ ಅದು ಮಾತು ಕೇಳುತ್ತದೆ, ಎಳೆಗೆ ಅಡ್ಡವಾಗಿ ಸುತ್ತಿದರೆ ಮುರಿಯುತ್ತದೆ. ತೆಳುವಾದ ಕಾಗದದ ಚೂರಿಗೆ ನೀರು ಬೆರೆಸಿದ ಫೆವಿಕಾಲ್ ಸವರಿ, ಹೊಲಿಗೆ ಸೂಜಿಯ ಮೇಲಿಟ್ಟು ಎರಡು ಬೆರಳ ನಡುವೆ ಉರುಳಿಸಬೇಕು. ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣಗೆ ಬರಬೇಕೆಂದು ಚೂರನ್ನು ಮೊದಲೇ ಓರೆಯಾಗಿ ಕತ್ತರಿಸಿರಬೇಕು. ಅಂಟು ಆರುವ ಮೊದಲೇ ಸೂಜಿಯನ್ನು ತಿರುಗಿಸಿ ಎಳೆಯಬೇಕು, ಇಲ್ಲದಿದ್ದರೆ ಸೂಜಿ ಒಳಗೇ ಉಳಿಯುತ್ತದೆ. ಕತ್ತರಿಸಿದ ಅಂಚಿನಲ್ಲಿ ಕಾಗದದ ಬಿಳಿ ಇಣುಕುತ್ತದೆ, ಅದಕ್ಕೆ ಜಲವರ್ಣದ ಬೂದು ಬಣ್ಣ ಮುಟ್ಟಿಸಬೇಕು. ಇಷ್ಟಾದರೆ ಒಂದು ನಳಿಗೆ.

ಇಷ್ಟೆಲ್ಲ ಶ್ರಮ ಯಾಕೆ ಎಂದು ಕೇಳುವವರಿಗೆ ಆ ಹಡಗಿನ ಕಥೆಯನ್ನೇ ಹೇಳಬೇಕು. ಬ್ವಿಸ್ಕಾವಿತ್ಸಾ ನೀರಿಗಿಳಿದದ್ದು 1936ರಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದ ಕೌಸ್ ಎಂಬ ಊರಿನ ಹಡಗುಕಟ್ಟೆಯಲ್ಲಿ. ಹಿಟ್ಲರನ ಸೇನೆ ಪೋಲೆಂಡಿನ ಮೇಲೆ ಬೀಳುವ ಎರಡು ದಿನ ಮೊದಲು, 1939ರ ಆಗಸ್ಟ್ 30ರಂದು, ಅದು ಇನ್ನೆರಡು ಡೆಸ್ಟ್ರಾಯರ್‌ಗಳ ಜೊತೆ ಬ್ರಿಟನ್ನಿನ ಕಡೆ ಹೊರಟಿತು. ದೇಶ ಶತ್ರುವಿನ ಕೈಗೆ ಹೋಯಿತು, ಹಡಗು ಉಳಿಯಿತು. 1942ರ ಮೇ 4ರ ರಾತ್ರಿ ಅದು ದುರಸ್ತಿಗೆಂದು ಕೌಸ್‌ನಲ್ಲೇ ನಿಂತಿತ್ತು. ದುರಸ್ತಿಗೆ ಬಂದ ಹಡಗು ಮದ್ದುಗುಂಡು ಇಳಿಸಿಬಿಡುವುದು ವಾಡಿಕೆ. ಕಮಾಂಡರ್ ವೊಯ್ಚೆಕ್ ಫ್ರಾಂಟ್ಸ್ಕಿ ಆ ವಾಡಿಕೆಯನ್ನು ಮೀರಿ ಫಿರಂಗಿಗಳನ್ನು ಸಜ್ಜಾಗಿರಿಸಿದ್ದರು. ಜರ್ಮನ್ ಬಾಂಬರ್‌ಗಳು ಬಂದಾಗ ಪೋಲಿಷ್ ನಾವಿಕರು ಹೊಗೆಯ ತೆರೆ ಎಬ್ಬಿಸಿ ಊರನ್ನು ಮರೆಮಾಡಿದರು, ಕಾದ ನಳಿಗೆಗಳ ಮೇಲೆ ನೀರು ಸುರಿಯುತ್ತ ಗುಂಡು ಹಾರಿಸಿದರು. ತನ್ನನ್ನು ಹೆತ್ತ ಊರನ್ನು ಆ ಹಡಗು ಕಾಯಿತು. ಕೌಸ್‌ನಲ್ಲಿ ಇಂದಿಗೂ ಫ್ರಾಂಟ್ಸ್ಕಿಯವರ ಹೆಸರಿನ ಜಾಗವಿದೆ.

ಅದಕ್ಕೆ ಸರಿಯಾಗಿ ಎರಡು ವರ್ಷ ಹಿಂದೆ, 1940ರ ಮೇ 4ರಂದು, ಅದೇ ಕಟ್ಟೆಯಲ್ಲಿ ಹುಟ್ಟಿದ ಸೋದರಿ ಹಡಗು ‘ಗ್ರೋಮ್’ ನಾರ್ವೆಯ ನಾರ್ವಿಕ್ ಬಳಿ ಬಾಂಬಿಗೆ ತುತ್ತಾಗಿ ಮುಳುಗಿತು. 59 ಮಂದಿ ಸತ್ತರು. ಬ್ವಿಸ್ಕಾವಿತ್ಸಾ 1976ರಿಂದ ಗ್ಡಿನಿಯ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿದೆ, ಯಾರು ಬೇಕಾದರೂ ಹತ್ತಿ ನೋಡಬಹುದು. ಗ್ರೋಮ್ ಅನ್ನು ಹತ್ತುವಂತಿಲ್ಲ, ಅದು ಕಡಲಡಿಯಲ್ಲಿದೆ. ಆದರೆ ಕಾಗದದಲ್ಲಿ ಎರಡನ್ನೂ ಕಟ್ಟಬಹುದು, ಪಕ್ಕಪಕ್ಕದಲ್ಲಿ ಇಡಬಹುದು.

ಯುದ್ಧನೌಕೆ ಕೊಲ್ಲುವುದಕ್ಕೆಂದೇ ಕಟ್ಟಿದ ಯಂತ್ರ. ಅದನ್ನು ಚಂದವಾಗಿ ಮಾಡಿ ಇಡುವುದು ಯುದ್ಧಕ್ಕೆ ಆರತಿ ಎತ್ತಿದಂತಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ನನ್ನ ಉತ್ತರ ಇಷ್ಟು: ಯುದ್ಧಕ್ಕೆ ಆರತಿ ಎತ್ತುವುದು ದೂರದಿಂದ ನೋಡುವ ಕಣ್ಣು. ದೂರದಿಂದ ಕಾಣುವುದು ಬಾವುಟ ಮತ್ತು ಬೆಂಕಿ. ಕಟ್ಟುವ ಕೈಗೆ ಬೇರೆಯದೇ ಸಿಗುತ್ತದೆ. ಅರ್ಧ ಸೆಂ.ಮೀ. ಎತ್ತರದ ಕಟಕಟೆಗೆ ದಾರ ಎಳೆಯುವಾಗ, ಬಿರುಗಾಳಿಯಲ್ಲಿ ಒಬ್ಬ ಮನುಷ್ಯನನ್ನು ಕಡಲಿನಿಂದ ತಡೆದದ್ದು ಇಷ್ಟೇ ಎಂದು ಗೊತ್ತಾಗುತ್ತದೆ. ಫಿರಂಗಿಯ ಹಿಂದೆ ನಿಲ್ಲುವ ಜಾಗ ಎಷ್ಟು ಇಕ್ಕಟ್ಟು ಎಂದು ಗೊತ್ತಾಗುತ್ತದೆ. ಡೆಸ್ಟ್ರಾಯರ್‌ಗಳಿಗೆ ದೊಡ್ಡ ಯುದ್ಧನೌಕೆಗಳ ಹಾಗೆ ದಪ್ಪ ಕವಚವಿರಲಿಲ್ಲ, ವೇಗವೇ ಅವುಗಳ ರಕ್ಷೆ. ಆ ತೆಳು ಒಡಲನ್ನು ಪಟ್ಟಿಪಟ್ಟಿಯಾಗಿ ಅಂಟಿಸಿದವರಿಗೆ 59 ಎಂಬುದು ಬರೀ ಅಂಕಿಯಾಗಿ ಉಳಿಯುವುದಿಲ್ಲ.

ಅದಕ್ಕೇ ಇಸವಿ ಮುಖ್ಯ, ಮಿ.ಮೀ. ಮುಖ್ಯ. ಸತ್ತವರ ಹಡಗನ್ನು ಅಂದಾಜಿನಲ್ಲಿ ಕಟ್ಟಬಾರದು. ಅವರು ನಿಂತ ಜಾಗ ಎಲ್ಲಿತ್ತೋ ಅಲ್ಲೇ ಇರಬೇಕು, ಅವರು ಹತ್ತಿದ ಏಣಿ ಎಡಕ್ಕಿದ್ದರೆ ಎಡಕ್ಕೇ ಇರಬೇಕು. ನಿಖರತೆ ಇಲ್ಲಿ ಕೌಶಲದ ಪ್ರದರ್ಶನವಲ್ಲ, ಸಲ್ಲಬೇಕಾದ ಗೌರವ. ಮನೆಯಲ್ಲಿ ಕತ್ತರಿ ಹಿಡಿಯುವ ವಯಸ್ಸಿನ ಮಗುವಿದ್ದರೆ ಇಂಥದೊಂದು ಹಡಗಿನ ಹಾಳೆ ಕೊಡಿ, ಮೊದಲಿಗೆ ಚಿಕ್ಕದನ್ನೇ ಕೊಡಿ. ಜೊತೆಗೆ ಆ ಹಡಗಿನಲ್ಲಿ ಇದ್ದವರು ಯಾರು, ಅವರಿಗೆ ಏನಾಯಿತು ಎಂಬುದನ್ನೂ ಹೇಳಿ. ಯುದ್ಧದ ಬಗ್ಗೆ ಮಗು ಕಲಿಯುವ ಮೊದಲ ಪಾಠ ಗೆಲುವು ಸೋಲಿನದಾಗದೆ ಮನುಷ್ಯರದಾಗಲಿ.