ಗುಟ್ಟಿನ ಚಟ, ಬಯಲಿನ ಚಟ

ಮನುಷ್ಯನ ಯೋಗ್ಯತೆಯನ್ನು ಅವನ ಕಸುಬಿನಿಂದ ಅಳೆಯುವುದು ಲೋಕರೂಢಿ. ಆದರೆ ಕಸುಬನ್ನು ಗೊತ್ತುಮಾಡುವುದು ಬಹುಮಟ್ಟಿಗೆ ಹೊಟ್ಟೆ. ಬಿಡುವಿನ ವೇಳೆಯನ್ನು ಮಾತ್ರ ಮನುಷ್ಯ ತಾನೇ ಗೊತ್ತುಮಾಡಿಕೊಳ್ಳುತ್ತಾನೆ. ಆದುದರಿಂದ ಹವ್ಯಾಸದ ವಿಷಯದಲ್ಲಿ ಒಳಿತು ಕೆಡುಕಿನ ಪ್ರಶ್ನೆ ಎತ್ತಿದರೆ ಓದುಗರು ಹುಬ್ಬೇರಿಸಬೇಕಾಗಿಲ್ಲ. ಎರಡು ಹವ್ಯಾಸಗಳನ್ನು ಇಲ್ಲಿ ಎದುರುಬದುರಾಗಿ ನಿಲ್ಲಿಸಿ ನೋಡಬೇಕೆಂದಿದ್ದೇನೆ. ಒಂದು ಎಲ್ಲರೂ ಬಲ್ಲದ್ದು: ರಾಜಕೀಯ ಪಕ್ಷಗಳ ಏಳುಬೀಳುಗಳನ್ನು ದಿನವೂ ಬೆನ್ನಟ್ಟುವುದು. ಇನ್ನೊಂದು ಕೆಲವರೇ ಬಲ್ಲದ್ದು: ಯಾರೂ ಆಡದ ಒಂದು ಭಾಷೆಯನ್ನು ತನ್ನಷ್ಟಕ್ಕೆ ತಾನು ಕಟ್ಟುತ್ತ ಕೂಡುವುದು.

ಮೊದಲನೆಯದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ರೋಣ, ನರಗುಂದ, ಗಜೇಂದ್ರಗಡ, ಈ ಮೂರರಲ್ಲಿ ಯಾವ ಊರಿನ ಚಹದಂಗಡಿಗೆ ಬೆಳಿಗ್ಗೆ ಹೋದರೂ ಪತ್ರಿಕೆ ಹಾಳೆ ಹಾಳೆಯಾಗಿ ಹಂಚಿಹೋಗಿರುತ್ತದೆ. ಹಾಳೆ ಸಿಗದವರು ಮೊಬೈಲು ತೆರೆದಿರುತ್ತಾರೆ. “ಈ ಸಲ ಟಿಕೇಟು ಯಾರಿಗೆ ಕೊಡ್ತಾರ್ರೀ?” ಎಂದು ಒಬ್ಬರು ಕೇಳಿಬಿಟ್ಟರೆ ಆಯಿತು, ಒಂದು ತಾಸು ಸರಾಗವಾಗಿ ಸಾಗುತ್ತದೆ. ಗಜೇಂದ್ರಗಡ ಈಗ ಸ್ವತಂತ್ರ ತಾಲ್ಲೂಕು. ಆದರೆ ವಿಧಾನಸಭೆಯ ಮಟ್ಟಿಗೆ ರೋಣದ ಕ್ಷೇತ್ರಕ್ಕೇ ಸೇರಿದ್ದು. ಹಾಗಾಗಿ ಅಲ್ಲಿಯ ಮತ ಇಲ್ಲಿಯವರನ್ನು ಎತ್ತುತ್ತದೆಯೋ ಕೆಡಹುತ್ತದೆಯೋ ಎಂಬ ಲೆಕ್ಕ ಮುಗಿಯುವುದೇ ಇಲ್ಲ. ಯಾವ ಊರಿನಲ್ಲಿ ಯಾವ ಜಾತಿಯ ಮತವೆಷ್ಟು, ಯಾರು ಯಾವ ವರ್ಷ ಯಾವ ಪಕ್ಷ ಬಿಟ್ಟು ಯಾವುದಕ್ಕೆ ಹೋದರು, ಮರಳಿ ಬಂದದ್ದು ಯಾವಾಗ, ಇದೆಲ್ಲ ನಾಲಗೆಯ ತುದಿಯಲ್ಲಿರುತ್ತದೆ. ಮನೆಯಾಕೆ ಹೇಳಿ ಕಳಿಸಿದ ಬೇಳೆಯನ್ನು ಮರೆತು ಬರುವ ಮಹನೀಯರು ಮೂವತ್ತು ವರ್ಷದ ಹಿಂದಿನ ಮತಗಳ ಅಂತರವನ್ನು ಮರೆಯುವುದಿಲ್ಲ. ಊರಿನಲ್ಲಿ ಇಂಥವರಿಗೆ ಗೌರವವುಂಟು. “ದೇಶದ ವಿಚಾರ ಬಲ್ಲವರು” ಎನ್ನುತ್ತಾರೆ.

ಇನ್ನು ಅದೇ ಓಣಿಯಲ್ಲಿ ಒಬ್ಬ ಮಾಸ್ತರನೋ ಗುಮಾಸ್ತನೋ ಇದ್ದಾನೆಂದು ಇಟ್ಟುಕೊಳ್ಳಿ. ರಾತ್ರಿ ಊಟವಾದ ಮೇಲೆ ನೋಟುಬುಕ್ಕು ತೆರೆದು ಇಲ್ಲದ ಭಾಷೆಯೊಂದಕ್ಕೆ ವಿಭಕ್ತಿಪ್ರತ್ಯಯಗಳನ್ನು ಗೊತ್ತುಮಾಡುತ್ತಾನೆ. ಮಳೆಗೆ ಒಂದು ಪದ, ಮಳೆಗಾಗಿ ಕಾಯುವುದಕ್ಕೆ ಬೇರೊಂದು ಪದ ಮಾಡಿ ಹಿಗ್ಗುತ್ತಾನೆ. ಸುದ್ದಿ ಹೊರಬಿದ್ದರೆ ಓಣಿ ಏನೆಂದೀತು? “ತಲಿ ಕೆಟ್ಟೈತಿ ಪಾಪ.” ಅದಕ್ಕೇ ಆತ ಅದನ್ನು ಹೊರಬಿಡುವುದಿಲ್ಲ. ಇಂಗ್ಲೆಂಡಿನ ಟೋಲ್ಕೀನ್ 1931ರಲ್ಲಿ ಈ ಹವ್ಯಾಸವನ್ನು ಕುರಿತು ಒಂದು ಉಪನ್ಯಾಸ ಮಾಡಿದಾಗ ಅದಕ್ಕೆ ಕೊಟ್ಟ ಹೆಸರೇ “ಗುಟ್ಟಿನ ಚಟ” ಎಂಬ ಅರ್ಥದ್ದು. ಯುದ್ಧಕಾಲದ ತರಬೇತಿಯ ಬೇಸರದ ಪಾಠವೊಂದರ ನಡುವೆ ಪಕ್ಕದ ಸೈನಿಕನೊಬ್ಬ ದ್ವಿತೀಯಾ ವಿಭಕ್ತಿಯನ್ನು ಪದದ ಕೊನೆಗೆ ಹಚ್ಚದೆ ಮೊದಲಿಗೇ ಹಚ್ಚುವೆನೆಂದು ತನಗೆ ತಾನೇ ಹೇಳಿಕೊಂಡದ್ದನ್ನು ಆತ ಅಲ್ಲಿ ನೆನೆದಿದ್ದಾನೆ. ತೋಪು ಬಂದೂಕುಗಳ ನಡುವೆ ಒಬ್ಬನಿಗೆ ವಿಭಕ್ತಿಯ ಚಿಂತೆ!

ಇದು ಪರದೇಶದ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಅಕ್ಷರ ಅಕ್ಷರಕ್ಕೂ ಒಂದು ‘ಪ’ ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತಾಡುವ ಆಟವನ್ನು ನಮ್ಮ ಮಕ್ಕಳಿಗೆ ಯಾವ ಟೋಲ್ಕೀನನೂ ಕಲಿಸಲಿಲ್ಲ. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೋಡಿದವರುಂಟಲ್ಲ. ಅದೂ ಕಟ್ಟಿದ ಭಾಷೆಯೇ. ಪದವಿಲ್ಲ, ಸದ್ದಿಲ್ಲ, ವ್ಯಾಕರಣ ಮಾತ್ರ ಬಲು ಬಿಗಿ. ಬೆರಳು ತಪ್ಪಿದರೆ ಸಾವಿರಾರು ರೂಪಾಯಿ ತಪ್ಪುತ್ತದೆ. ಸಾಹಿತ್ಯದಲ್ಲಿಯೂ ಈ ಬಗೆಯ ಹಟವಂತರಿಗೆ ಕೊರತೆಯಿಲ್ಲ. ಗದಗಿನ ಬಳಿಯ ಮುಳಗುಂದದ ನಯಸೇನ 1112ರಲ್ಲಿ ಬರೆದ ‘ಧರ್ಮಾಮೃತ’ದಲ್ಲಿ, ಕನ್ನಡಕ್ಕೆ ಹೊಂದದ ಸಂಸ್ಕೃತವನ್ನು ತಂದು ತುರುಕುವ ಕವಿಗಳನ್ನು ಗೇಲಿ ಮಾಡಿದ. ಮುಂದಿನ ಶತಮಾನದ ಆಂಡಯ್ಯ ಗೇಲಿಗೇ ನಿಲ್ಲಲಿಲ್ಲ. ತತ್ಸಮಗಳನ್ನು ಹೊರಗಿಟ್ಟು, ದೇಶ್ಯ ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ಹೆಣೆದ. ಅಂಥ ಕನ್ನಡವನ್ನು ಅವನ ಕಾಲದ ಯಾವ ಊರಿನಲ್ಲಿಯೂ ಯಾರೂ ಆಡುತ್ತಿರಲಿಲ್ಲವೆಂದೇ ನನ್ನ ಊಹೆ. ಒಬ್ಬ ಮನುಷ್ಯ ತನ್ನ ಮೇಲೆ ತಾನೇ ಹಾಕಿಕೊಂಡ ಕಟ್ಟಳೆಗೆ ಪದ್ಯದಿಂದ ಪದ್ಯಕ್ಕೆ ತಲೆಬಾಗುತ್ತ ಹೋಗಿ ಮಾಡಿದ ಭಾಷೆ ಅದು. ಅವನ ಹಟದಿಂದ ಯಾರ ಹೊಲವೂ ಒಣಗಲಿಲ್ಲ, ಯಾರ ಮನೆಯೂ ಬೀಳಲಿಲ್ಲ.

ಭಾಷೆ ಕಟ್ಟುವವನ ನಿರ್ದೋಷ ಇರುವುದು ಇಲ್ಲಿ. ಅವನ ಆಟದ ಖರ್ಚೆಲ್ಲ ಅವನದೇ. ಕಟ್ಟಳೆ ಮುರಿದರೆ ಕೆಡುವುದು ಅವನದೇ ಕಟ್ಟಡ. ಇನ್ನು ಪಕ್ಷಗಳ ಹಿಂಬಾಲಕನ ಲೆಕ್ಕವನ್ನು ತೆಗೆಯೋಣ.

ಅವನ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುವುದು ನ್ಯಾಯ. 1787ರಲ್ಲಿ ಮರಾಠರೂ ಟಿಪ್ಪುವೂ ಗಜೇಂದ್ರಗಡದಲ್ಲಿ ಒಪ್ಪಂದ ಮಾಡಿಕೊಂಡಾಗ ಊರವರನ್ನು ಕೇಳಿದವರು ಯಾರು? ಯಾವ ಕೋಟೆ ಯಾರ ಪಾಲಾಯಿತೆಂಬುದನ್ನು ಕಂದಾಯ ಎತ್ತಲು ಬಂದವನ ರುಮಾಲಿನಿಂದ ತಿಳಿದುಕೊಳ್ಳಬೇಕಾಗಿದ್ದ ಕಾಲವದು. ನರಗುಂದದ ಭಾಸ್ಕರರಾವ್ ಬಾಬಾಸಾಹೇಬ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದಾಗಲೂ ಜನ ಕಂಡು ಮರುಗಿದರೇ ಹೊರತು ಮತ ಹಾಕಲಿಲ್ಲ. ಇಂದು ಚಹದಂಗಡಿಯಲ್ಲಿ ಕುಳಿತವನಿಗೆ ಒಂದು ಮತವಿದೆ. ಮತವಿದ್ದವನು ವಿಷಯ ತಿಳಿದುಕೊಳ್ಳಬೇಕು. ಎಲ್ಲರೂ ಪತ್ರಿಕೆ ಮಡಿಸಿಟ್ಟು ವ್ಯಾಕರಣ ಬರೆಯುತ್ತ ಕುಳಿತರೆ ಆಳುವವರಿಗೆ ಹಬ್ಬ. ಇದೆಲ್ಲ ನಿಜ.

ಆದರೆ ತಿಳಿದುಕೊಳ್ಳುವುದು ಬೇರೆ, ಬೆನ್ನಟ್ಟಿ ಸವಿಯುವುದು ಬೇರೆ. ಈ ಭೇದಕ್ಕೆ ನರಗುಂದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ. ಮಲಪ್ರಭೆಗೆ ಅಣೆಕಟ್ಟಾಯಿತು, ಕಾಲುವೆಗಳು ತೋಡಲ್ಪಟ್ಟವು. ಕಾಲುವೆಯ ಕೆಳಗಿನ ಜಮೀನಿನ ಬೆಲೆ ಏರಿತೆಂದು ಸರಕಾರ ಅಭಿವೃದ್ಧಿ ಕರವೆಂಬುದನ್ನು ಹೇರಿತು. ಎಷ್ಟೋ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ. ನೋಟೀಸು ಮಾತ್ರ ತಪ್ಪದೆ ಮುಟ್ಟಿತು. ಆ ಮಾತನ್ನೇ ನೋಡಿ: ‘ಅಭಿವೃದ್ಧಿ ಕರ’. ನರಗುಂದದ ಕರಿನೆಲದಲ್ಲಿ ಜೋಳ ಹತ್ತಿ ಬೆಳೆಯುವ ಯಾವ ರೈತನೂ ಆ ಮಾತನ್ನು ಹುಟ್ಟಿಸಿದವನಲ್ಲ. ಅವನಿಗೆ ಹಸಿ ಗೊತ್ತು, ಹದ ಗೊತ್ತು, ಮಡ್ಡಿ ಗೊತ್ತು. ಕಚೇರಿಯಲ್ಲಿ ಕುಳಿತವರು ಕಟ್ಟಿದ ಭಾಷೆಯಲ್ಲಿ ಅವನ ಒಣ ಹೊಲಕ್ಕೆ ಅಚ್ಚುಕಟ್ಟು ಪ್ರದೇಶವೆಂಬ ಹೆಸರು ಬಂದಿತ್ತು. 1980ರ ಜುಲೈ 21ರಂದು ರೈತರು ನರಗುಂದದ ತಹಶೀಲ್ದಾರ ಕಚೇರಿಗೆ ಬಂದರು. ಗುಂಡು ಹಾರಿತು. ಎರಡೂ ಕಡೆ ಜೀವ ಹೋಯಿತು. ಅದೇ ದಿನ ನೆರೆಯ ನವಲಗುಂದದಲ್ಲಿಯೂ ರೈತನೊಬ್ಬ ಸತ್ತ. ಚಳವಳಿ ನಾಡೆಲ್ಲ ಹಬ್ಬಿ ರೈತಸಂಘ ಬೆಳೆಯಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು.

ಈಗ ರಾಜಕೀಯದ ಹವ್ಯಾಸಿಯನ್ನು ನರಗುಂದದ ಬಗೆಗೆ ಕೇಳಿ ನೋಡಿ. ಗುಂಡೂರಾವ್ ಬಿದ್ದದ್ದು, ಹೆಗಡೆ ಬಂದದ್ದು, ಯಾರು ಯಾರ ಬೆಂಬಲ ಪಡೆದದ್ದು, ಎಲ್ಲ ಹೇಳುತ್ತಾನೆ. ಕರ ಎಂಥದಿತ್ತು, ನೀರು ಯಾವ ಹೊಲಕ್ಕೆ ಬಂದಿರಲಿಲ್ಲ, ಸತ್ತವನ ಮನೆಯ ಬೇಸಾಯ ಆಮೇಲೆ ಯಾರು ಮಾಡಿದರು ಎಂದು ಕೇಳಿದರೆ ತಡವರಿಸುತ್ತಾನೆ. ಅವನ ಕಥೆಯಲ್ಲಿ ಆ ಸಾವು ಒಂದು ‘ತಿರುವು’. ಹಾವು ಏಣಿಯ ಆಟದಲ್ಲಿ ಅದೊಂದು ಏಣಿ, ಅಷ್ಟೆ. 2015ರ ಜುಲೈಯಲ್ಲಿ ಮಹದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ರೈತರು ಧರಣಿ ಕುಳಿತರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಎಂದು ತೀರ್ಪು ಕೊಟ್ಟಿತು. ಅಂಕಿ ನಮ್ಮೆಲ್ಲರ ಬಾಯಲ್ಲಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ಎಂದು ಬಿಡಿಸಿ ಹೇಳಬಲ್ಲವರು ಚಹದಂಗಡಿಯಲ್ಲಿ ಎಷ್ಟು ಜನ? ಕೇಳಿಸುವುದು ಅದರಿಂದ ಯಾವ ಪಕ್ಷಕ್ಕೆ ಎಷ್ಟು ಲಾಭ ಎಂಬ ಲೆಕ್ಕ.

ನನ್ನ ಆಕ್ಷೇಪಣೆ ಇಷ್ಟೆ. ಇನ್ನೊಬ್ಬರು ಬೆಲೆ ತೆರುವ ಕಡೆ ನಮ್ಮದು ವಿನೋದವಾಗಬಾರದು. ಕ್ರಿಕೆಟ್ಟಿನಲ್ಲಿ ಸೋತವನೂ ಸಂಬಳ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಅಲ್ಲಿ ಎಷ್ಟು ಕೇಕೆ ಹಾಕಿದರೂ ಚಿಂತೆಯಿಲ್ಲ. ರಾಜಕಾರಣದಲ್ಲಿ ಸೋಲುವವರು ಅನೇಕ ವೇಳೆ ಕಣದಲ್ಲಿಯೇ ಇರುವುದಿಲ್ಲ, ಹೊಲದಲ್ಲಿ ಇರುತ್ತಾರೆ.

ಹಾಗಾದರೆ ಭಾಷೆಯ ಆಟ ಯಾವಾಗಲೂ ನಿರಪಾಯವೆ? ಕಚೇರಿಯ ಕನ್ನಡದ ಮಾತು ಬಂದಾಗಲೇ ಓದುಗರು ಇದನ್ನು ಕೇಳಿಕೊಂಡಿರಬಹುದು. ಯೂರೋಪಿನ ಎರಡು ಪ್ರಸಂಗಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಜರ್ಮನಿಯ ಷ್ಲೇಯರ್ ಎಂಬ ಪಾದ್ರಿ 1879ರ ಸುಮಾರಿಗೆ ವೊಲಾಪ್ಯೂಕ್ ಎಂಬ ಜಗದ್ಭಾಷೆಯನ್ನು ಕಟ್ಟಿದ. ಊರೂರಿಗೆ ಅದರ ಸಂಘಗಳಾದವು, ಸಮ್ಮೇಳನಗಳಾದವು. ಆದರೆ ಕಡೆಯ ಮಾತು ತನ್ನದೇ ಆಗಬೇಕೆಂದು ಆತ ಹಿಡಿದ. ಅನುಯಾಯಿಗಳಲ್ಲಿ ಪಕ್ಷ ಪ್ರತಿಪಕ್ಷಗಳಾಗಿ, ಹತ್ತು ಹನ್ನೆರಡು ವರ್ಷದೊಳಗೆ ಅದು ಕುಸಿಯಿತು. ಪೋಲೆಂಡಿನ ಜಾಮೆನ್‌ಹೋಫ್ ಬೇರೆ ಜಾತಿಯ ಮನುಷ್ಯ. ಯೆಹೂದ್ಯರು, ರಷ್ಯನರು, ಪೋಲರು, ಜರ್ಮನರು ಒಂದೇ ಊರಿನಲ್ಲಿದ್ದು ಒಬ್ಬರನ್ನೊಬ್ಬರು ಹಗೆಯುವುದನ್ನು ಹುಡುಗನಾಗಿದ್ದಾಗಲೇ ಕಂಡು, ಬೆಳೆದಮೇಲೆ ಎಸ್ಪೆರಾಂಟೊ ಕಟ್ಟಿ 1887ರಲ್ಲಿ ಅಚ್ಚು ಮಾಡಿಸಿದ. ಅದರ ಮೇಲಿನ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟ. ಆಡುವವರದೇ ಭಾಷೆ ಎಂದ. ಆ ಭಾಷೆ ಇನ್ನೂ ಬದುಕಿದೆ. ಆದರೆ ಮಕ್ಕಳಾಟವೆಂದು ನಾವು ನಗುವ ಆ ಭಾಷೆಯನ್ನು ಆಡಿದವರನ್ನು ಹಿಟ್ಲರನೂ ಬೇಟೆಯಾಡಿದ, ಸ್ಟಾಲಿನನೂ ಬೇಟೆಯಾಡಿದ. ಅದರ ಪ್ರಚಾರಕ್ಕಾಗಿ ದೇಶದೇಶ ತಿರುಗಿದ ಜಾಮೆನ್‌ಹೋಫನ ಮಗಳು ಲಿಡಿಯಾಳನ್ನು ನಾಜಿಗಳು ಯೆಹೂದ್ಯಳೆಂದು ಹಿಡಿದು 1942ರಲ್ಲಿ ಟ್ರೆಬ್ಲಿಂಕಾದಲ್ಲಿ ಕೊಂದರು. ಭಾಷೆಯೂ ಬಯಲಿಗೆ ಬಂದೊಡನೆ ಅದಕ್ಕೊಂದು ಬೆಲೆ ಹತ್ತಿಕೊಳ್ಳುತ್ತದೆ. ಹಕ್ಕು ಬಿಟ್ಟುಕೊಡಬೇಕೆಂಬ ಬುದ್ಧಿ ಜಾಮೆನ್‌ಹೋಫನಿಗೆ ಹೊಳೆದದ್ದು, ಇದು ಇನ್ನು ತನ್ನೊಬ್ಬನ ನೋಟುಬುಕ್ಕಲ್ಲ ಎಂಬುದನ್ನು ಆತ ಅರಿತದ್ದರಿಂದ.

ನಮ್ಮಲ್ಲಿ ಭಾಷೆಯೂ ಪಕ್ಷವೂ ಒಂದಕ್ಕೊಂದು ತೊಡಕಿಕೊಂಡ ಕಾಲವನ್ನು ನೆನೆದರೆ ಕಣ್ಣ ಮುಂದೆ ಬರುವುದು ರೋಣ ತಾಲ್ಲೂಕಿನ ಜಕ್ಕಲಿ. ಆಗ ಕನ್ನಡ ನಾಡು ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. 1953ರ ಹೈದರಾಬಾದು ಅಧಿವೇಶನದಲ್ಲಿ ಕಾಂಗ್ರೆಸ್ಸು ಕರ್ನಾಟಕದ ಮಾತನ್ನು ತೇಲಿಸಿಬಿಟ್ಟಾಗ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಅಸೆಂಬ್ಲಿಯ ತಮ್ಮ ಸ್ಥಾನಕ್ಕೆ ರಾಜೀನಾಮೆಯಿತ್ತು, ಊರಿಗೆ ಬಂದು ಉಪವಾಸ ಕುಳಿತರು. ಹುಬ್ಬಳ್ಳಿ ಹೊತ್ತಿಕೊಂಡಿತು. ಮೂರು ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ರಾಜ್ಯವಾಯಿತು. ದೊಡ್ಡಮೇಟಿಯವರಿಗೂ ಪಕ್ಷದ ಒಳಸುಳಿಗಳು ಗೊತ್ತಿರಲಿಲ್ಲವೆ? ಚಹದಂಗಡಿಯ ಯಾವ ಪಂಡಿತನಿಗಿಂತಲೂ ಚೆನ್ನಾಗಿ ಗೊತ್ತಿದ್ದವು. ಆದರೆ ಬೆಲೆ ತೆರುವ ಹೊತ್ತು ಬಂದಾಗ ಖರ್ಚನ್ನು ಅವರು ತಮ್ಮ ಹೆಸರಿಗೇ ಬರೆದುಕೊಂಡರು.

ಅದೇ ತಾಲ್ಲೂಕಿನಲ್ಲಿ ಇನ್ನೂ ಹಿಂದೆ ಒಬ್ಬನಿದ್ದ. ಹನ್ನೊಂದನೆಯ ಶತಮಾನದ ದುರ್ಗಸಿಂಹ; ಸಯ್ಯಡಿ ಎಂಬ ಅಗ್ರಹಾರದವನು, ಅದು ಇಂದಿನ ಸವಡಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು, ಎಂದರೆ ಯುದ್ಧ ಸಂಧಾನಗಳೇ ಅವನ ಕಸುಬು. ಬಿಡುವಿನಲ್ಲಿ ಆತ ಕೂತು ಬರೆದದ್ದು ಕನ್ನಡದ ಪಂಚತಂತ್ರವನ್ನು. ರಾಜಕಾರಣವನ್ನು ಕೈಯಾರೆ ಮಾಡಿದವನಿಗೆ ಅದನ್ನು ಹೇಳಲು ನರಿ ಸಿಂಹಗಳ ಬಾಯಿ ಬೇಕಾಯಿತೆಂಬುದು ಕುತೂಹಲದ ಸಂಗತಿ. ಅದರ ಮೊದಲ ಕಥೆ ನಮಗೆಲ್ಲ ಗೊತ್ತು. ಅರಸನ ವಿಚಾರ ನಮಗೇಕೆ, ನಮ್ಮ ಪಾಲಿನದು ನಮಗೆ ಸಿಗುತ್ತದಲ್ಲ ಎನ್ನುವ ನರಿ ಒಂದು, ಕರಟಕ. ಹೊಟ್ಟೆ ತುಂಬಿದರೆ ಸಾಕೆ ಎಂದು ಅರಸನ ಅಂತರಂಗವನ್ನು ಬೆನ್ನಟ್ಟಿ ಹೋಗುವ ನರಿ ಇನ್ನೊಂದು, ದಮನಕ. ವಾದದಲ್ಲಿ ಗೆಲ್ಲುವುದು ದಮನಕನೇ. ಅವನ ಮಾತಿನ ಚಮತ್ಕಾರ ಓದಿ ನಾವೂ ತಲೆದೂಗುತ್ತೇವೆ. ಕಥೆ ಮುಗಿದಾಗ ಇಬ್ಬರಲ್ಲಿ ಯಾವ ನರಿಗೂ ಏನೂ ಆಗಿರುವುದಿಲ್ಲ. ಸತ್ತು ಬಿದ್ದಿರುವುದು ಸಂಜೀವಕ, ಗಾಡಿ ಎಳೆಯುತ್ತ ಕಾಡಿಗೆ ಬಂದಿದ್ದ ಎತ್ತು.